ಹನ್ನೆರಡು ಗೌಜಲ ಮೊಟ್ಟೆ, ಒಂದು ಎರವಲು ಕೋಳಿ

ಈ ಕತೆ ನನಗೆ ಮೊದಲು ಹೇಳಿದವಳು ಕರಿಬಸಮ್ಮ. ನಾನು ಚಿತ್ರದುರ್ಗದಲ್ಲಿ ಬಿ.ಎಸ್ಸಿ. ಓದುವಾಗ ನಮ್ಮ ಹಾಸ್ಟೆಲಿಗೆ ಬುಟ್ಟಿಯಲ್ಲಿ ಮೊಟ್ಟೆ ಹೊತ್ತು ತರುತ್ತಿದ್ದಳು. ಪ್ರಾಣಿಶಾಸ್ತ್ರದಲ್ಲಿ ನನಗೆ ಎಪ್ಪತ್ತೆಂಟು ಅಂಕ ಬಂದಿತ್ತು. ಆದರೂ ಮನೆಯಲ್ಲಿ ಸಾಕಿದ ಗೌಜಲಕ್ಕಿ ಮೊಟ್ಟೆ ಇಡುತ್ತದೆ, ಕಾವು ಮಾತ್ರ ಕೂರುವುದಿಲ್ಲ ಅನ್ನುವುದು ಅವಳು ಹೇಳುವವರೆಗೆ ಗೊತ್ತಿರಲಿಲ್ಲ.

"ಇಡೋದು ಅದರ ಕೆಲಸ, ಕೂರೋದು ಬೇರೆಯವರ ಕೆಲಸ. ಇಷ್ಟು ಗೊತ್ತಿದ್ರೆ ಸಾಕು, ಕತೆ ಕೇಳವ್ವ" ಅಂದಳು. ಕೇಳಿದೆ. ನೀವೂ ಕೇಳಿ.

ಒಂದೂರಲ್ಲಿ ತಿಪ್ಪಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ, ಓಬಳೇಶಿ. ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು. ಬರಬೇಕಾದ್ದು ಇನ್ನೊಂದಿತ್ತು, ಅದು ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ತಿಪ್ಪಮ್ಮನ ಸಂಕಟವೇ ಅದು. ಹೇಳಿದ್ದು ಮಾಡದ ಮಗನನ್ನು ಬಯ್ಯಬಹುದು, ಹೇಳಿದ್ದನ್ನೇ ಮಾಡುವವನನ್ನು ಏನಂತ ಬಯ್ಯುವುದು?

ತಿಪ್ಪಮ್ಮ ಎಂಟು ವರ್ಷದಿಂದ ಹಿತ್ತಲಲ್ಲಿ ಗೌಜಲಕ್ಕಿ ಸಾಕಿದ್ದಳು. ಒಂದು ದಿನ ಮುಂಗುಸಿ ಗೂಡಿಗೆ ನುಗ್ಗಿ ಒಂದನ್ನೂ ಬಿಡದೆ ಮುಗಿಸಿತು. ಉಳಿದದ್ದು ಆ ವಾರ ಕೂಡಿಟ್ಟಿದ್ದ ಹನ್ನೆರಡು ಮೊಟ್ಟೆ. ನೆಲ್ಲಿಕಾಯಿಗಿಂತ ತುಸು ದೊಡ್ಡವು, ಮೈತುಂಬ ಕಂದು ಮಚ್ಚೆ. ಇವು ಮರಿಯಾದರೆ ಅವಳ ತಳಿ ಉಳಿಯಿತು. ಆಗದಿದ್ದರೆ ಎಂಟು ವರ್ಷದ ಹಕ್ಕಿ ಅಲ್ಲಿಗೇ ಮುಗಿಯಿತು.

ಮೂರು ಮನೆ ಆಚೆಯ ಬಸಕ್ಕನ ಹತ್ತಿರ ಒಂದು ಕಾವುಕೋಳಿ ಇತ್ತು. ಅದನ್ನು ಎರವಲು ತರಲು ಹೊರಟ ತಿಪ್ಪಮ್ಮ ಮೊಟ್ಟೆಗಳನ್ನು ಕಟ್ಟೆಯ ಮೇಲೆ ಹರವಿಟ್ಟು ಮಗನನ್ನು ಕರೆದಳು. "ನೋಡ್ಕೋತಿರು. ಕಣ್ಣು ಆಚೆ ಈಚೆ ಆಡಿಸಬೇಡ!"

ಓಬಳೇಶಿ ಹೂಂ ಅಂದ, ತಲೆ ಆಡಿಸಿದ, ಕೂತ.

ತಿಪ್ಪಮ್ಮ ಕೋಳಿಯ ಕಾಲು ಕಟ್ಟಿ ಬುಟ್ಟಿಯಲ್ಲಿ ಹೊತ್ತು ತಂದಾಗ ನೆಲದ ಮೇಲೆ ಎರಡು ಮೊಟ್ಟೆ ಒಡೆದು ಹರಿದಿದ್ದವು.

"ಏನೋ ಇದು! ನೋಡ್ಕೋ ಅಂದಿರ್ಲಿಲ್ವಾ?"

"ನೋಡ್ದೆ ಕಣವ್ವ! ಉರುಳಿದ್ದು ನೋಡ್ದೆ, ಅಂಚಿಗೆ ಬಂದಿದ್ದು ನೋಡ್ದೆ, ಬಿದ್ದಿದ್ದೂ ನೋಡ್ದೆ. ಕಣ್ಣು ಆಡಿಸ್ಲೇ ಇಲ್ಲ!"

"ಅಯ್ಯೋ ಮಂಕೆ! ಕದಲಿದ್ದನ್ನ ಕೈಯಲ್ಲಿ ಹಿಡ್ಕೋಬೇಕು, ಅಲ್ಲಾಡದ ಹಾಗೆ ಒತ್ತಿ ಹಿಡ್ಕೋಬೇಕು!"

"ಹೂಂ ಕಣವ್ವ."

ಹನ್ನೆರಡಿದ್ದದ್ದು ಹತ್ತಾಯಿತು. ಹತ್ತನ್ನೂ ಕೋಳಿಯ ಕೆಳಗಿಟ್ಟು ತಿಪ್ಪಮ್ಮ ಮಗನಿಗೆ ಇನ್ನೊಂದು ಮಾತು ಹೇಳಿದಳು. "ಬಸಕ್ಕನಿಗೆ ಮಾತು ಕೊಟ್ಟೀನಿ. ಹದಿನೆಂಟನೇ ದಿನ, ಕಾವು ಕೂತಿದ್ದು ಅವಳ ಮನೆ ಸೇರ್ಬೇಕು. ನಾನು ಮರೆತ್ರೂ ನೀನು ಮರೀಬೇಡ."

"ಹೂಂ ಕಣವ್ವ."

ಮಾರನೇ ದಿನ ತಿಪ್ಪಮ್ಮ ಶೇಂಗಾ ಹೊಲಕ್ಕೆ ಕಳೆ ಕೀಳಲು ಹೋದಳು. ಕೋಳಿ ಕಾಳು ತಿನ್ನೋಣ ಅಂತ ಎದ್ದಿತು. ಕದಲಿತು! ಓಬಳೇಶಿ ಹಿಡಿದ, ಒತ್ತಿ ಹಿಡಿದ. ಕೋಳಿ ಕುಕ್ಕಿತು, ಬಿಡಲಿಲ್ಲ. ಕೂಗಿತು, ಬಿಡಲಿಲ್ಲ. ಸಂಜೆ ತಿಪ್ಪಮ್ಮ ಬಂದಾಗ ಕೋಳಿ ಕಣ್ಣು ಮೇಲೆ ಮಾಡಿತ್ತು, ಮಗನ ಕೈ ಕುಕ್ಕಿಸಿಕೊಂಡು ಜರಡಿಯಾಗಿತ್ತು.

"ಕೋಳಿ ಕೊಲ್ತೀಯೇನೋ!"

"ಕದಲ್ತು ಕಣವ್ವ! ಒತ್ತಿ ಹಿಡ್ಕೊಂಡೆ!"

"ದಿನಕ್ಕೊಂದು ಸಲ ಎದ್ದು ತಿಂದು, ನೀರು ಕುಡಿದು ಬರುತ್ತೋ ಅದು! ಹಸಿದು ಬಂದ ಜೀವಾನ ತಡೀಬಾರ್ದು, ಅದರ ಪಾಡಿಗೆ ತಿನ್ನಲಿ ಅಂತ ಬಿಟ್ಟುಬಿಡಬೇಕು!"

"ಹೂಂ ಕಣವ್ವ."

ಎಂಟನೇ ದಿನ ಮಧ್ಯಾಹ್ನ ಕೋಳಿ ನೀರಿಗೆ ಹೋಗಿತ್ತು. ಆ ಹೊತ್ತಿಗೆ ಬೇಲಿ ಸಂದಿಯಿಂದ ಮುಂಗುಸಿ ಬಂತು, ಅದೇ ಹಳೇ ಮುಂಗುಸಿ. ಓಬಳೇಶಿ ನೋಡಿದ. ಹೊಟ್ಟೆ ಬೆನ್ನಿಗೆ ಹತ್ತಿತ್ತು, ಪಾಪ. ಸರಿದು ದಾರಿ ಬಿಟ್ಟ. ಮುಂಗುಸಿ ಮೂರು ಮೊಟ್ಟೆ ತಿಂದು ಬಾಯಿ ಒರೆಸಿಕೊಂಡು ಹೋಯಿತು.

ತಿಪ್ಪಮ್ಮ ಎದೆ ಬಡಿದುಕೊಂಡಳು. "ಯಾಕೋ ಬಿಟ್ಟೆ!"

"ಹಸಿದು ಬಂದಿತ್ತು ಕಣವ್ವ! ನೀರೂ ಇಟ್ಟೆ, ಕುಡೀಲಿಲ್ಲ."

"ನಿನ್ನ ತಲೇಲಿ ಹೊಟ್ಟು ತುಂಬೈತೆ! ಗೂಡಿನ ಹತ್ರ ಯಾರಾದ್ರೂ ಸುಳಿದ್ರೆ ಡಬ್ಬ ಬಡೀಬೇಕು, ಬೊಬ್ಬೆ ಹೊಡೀಬೇಕು, ಊರು ಎದ್ದು ಬರಬೇಕು!"

"ಹೂಂ ಕಣವ್ವ."

ಹತ್ತಿದ್ದದ್ದು ಏಳಾಯಿತು.

ಹದಿನಾಲ್ಕನೇ ದಿನ ಬೆಳಿಗ್ಗೆ ಗೂಡಿನ ಹತ್ತಿರ ಒಬ್ಬರು ಸುಳಿದರು. ಯಾರು? ತಿಪ್ಪಮ್ಮನೇ, ಕೋಳಿಗೆ ಒಂದು ಹಿಡಿ ರಾಗಿ ಹಾಕೋಣ ಅಂತ. ಓಬಳೇಶಿ ಎಣ್ಣೆ ಡಬ್ಬ ತಗೊಂಡ, ಢಣಢಣ ಬಡಿದ, ಬೊಬ್ಬೆ ಹೊಡೆದ. ಊರು ಎದ್ದು ಬಂತು. ಕೋಳಿ ಎದ್ದು ಹೋಯಿತು. ಹಾರಿ ಹೆಂಚಿನ ಮೇಲೆ, ಅಲ್ಲಿಂದ ಪಕ್ಕದ ಹೆಂಚಿಗೆ, ಅಲ್ಲಿಂದ ಸೀದಾ ಬಸಕ್ಕನ ಅಂಗಳಕ್ಕೆ. ಮತ್ತೆ ಹಿಡಿದು ತಂದು ಕೂರಿಸಿದರೆ ಕೂರಲೊಲ್ಲದು. ಕಾವೇ ಬಿಟ್ಟುಬಿಟ್ಟಿತು.

ಈ ಸಲ ತಿಪ್ಪಮ್ಮ ಬಯ್ಯಲಿಲ್ಲ. ಅದೇ ಓಬಳೇಶಿಗೆ ಭಯ ಹುಟ್ಟಿಸಿತು. ಅವಳು ಏಳು ಮೊಟ್ಟೆ ಮಡಿಲಲ್ಲಿ ಇಟ್ಟುಕೊಂಡು ಗೋಡೆಗೆ ಒರಗಿದಳು.

"ಇನ್ನು ನಾಲ್ಕೇ ದಿನ ಇತ್ತು ಕಣೋ. ಒಳಗೆ ಜೀವ ಐತೆ. ತಣ್ಣಗಾದ್ರೆ ಹೋಯ್ತು."

"ಅವ್ವ, ಬಯ್ಯವ್ವ."

"ಏನಂತ ಬಯ್ಯಲಿ? ಕೋಳಿನ ನೀನು ಓಡಿಸ್ದೆ. ಇನ್ನು ಕೋಳಿ ಕೆಲಸ ನೀನೇ ಮಾಡು, ಹೋಗು!"

ಬೇಸರಕ್ಕೆ ಅಂದ ಮಾತು. ಓಬಳೇಶಿ ಹೂಂ ಅಂದ.

ಅವ್ವನ ಹಳೇ ಸೀರೆಯಲ್ಲಿ ಏಳು ಮೊಟ್ಟೆ ಸುತ್ತಿ ಬರಿ ಹೊಟ್ಟೆಗೆ ಕಟ್ಟಿಕೊಂಡ. ಮೇಲೆ ಕಂಬಳಿ ಹೊದ್ದ. ಮೂಲೆಯಲ್ಲಿ ಕೂತ. ದಿನಕ್ಕೊಂದು ಸಲ ಮೆಲ್ಲಗೆ ಎದ್ದ, ಒಂದು ಮುದ್ದೆ ನುಂಗಿದ, ನೀರು ಕುಡಿದ, ಬಂದು ಕೂತ. ಮುಂಗುಸಿ ಬಂತು, ಅವನ ಗಾತ್ರ ನೋಡಿತು, ವಾಪಸ್ ಹೋಯಿತು. ತಿಪ್ಪಮ್ಮ ಮೊದಲ ದಿನ ಹಣೆ ಚಚ್ಚಿಕೊಂಡಳು. ಎರಡನೇ ದಿನ ಮೊಟ್ಟೆ ಮುಟ್ಟಿ ನೋಡಿದಳು. ಬಿಸಿ! ಮೂರನೇ ದಿನ ಮುದ್ದೆಗೆ ತುಪ್ಪ ಹಾಕಿದಳು.

ಹದಿನೇಳನೇ ದಿನ ಹೊಟ್ಟೆಯ ಮೇಲೆ ಟಿಕ್ ಅಂತು.

"ಅವ್ವಾ! ನನ್ನ ಹೊಟ್ಟೆ ಮಾತಾಡ್ತೈತೆ!"

ಏಳರಲ್ಲಿ ಐದು ಒಡೆದವು. ಐದು ಮರಿ, ಹೆಬ್ಬೆರಳಿನ ಗಾತ್ರ, ದುಂಬಿ ನೆಲಕ್ಕಿಳಿದು ಓಡಿದ ಹಾಗೆ. ಕಣ್ಣು ಬಿಟ್ಟು ಮೊದಲು ನೋಡಿದ್ದು ಓಬಳೇಶಿಯ ಮೀಸೆ. ಅವನು ಎದ್ದರೆ ಎದ್ದವು, ಕೂತರೆ ಅವನ ತೊಡೆ ಸಂದಿಗೆ ತೂರಿದವು. ತಿಪ್ಪಮ್ಮ ನಕ್ಕಳು, ಅತ್ತಳು, ಎಷ್ಟೋ ದಿನದ ಮೇಲೆ ನಿಶ್ಚಿಂತೆಯಿಂದ ಮಲಗಿದಳು.

ಬೆಳಿಗ್ಗೆ ಎದ್ದು ನೋಡಿದರೆ ಮಗ ಇಲ್ಲ. ಮರಿಯೂ ಇಲ್ಲ. ಬುಟ್ಟಿಯೂ ಇಲ್ಲ!

ಓಡಿದಳು. ಬಸಕ್ಕನ ಅಂಗಳದಲ್ಲಿ ಜನ ಸೇರಿತ್ತು. ನಡುವೆ ಕೋಳಿ ಬುಟ್ಟಿ. ಬುಟ್ಟಿಯೊಳಗೆ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಓಬಳೇಶಿ. ಸುತ್ತ ಐದು ಮರಿ. ಬಸಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ತಿಪ್ಪಮ್ಮಾ, ನನ್ನ ಕೋಳಿ ಆವತ್ತೇ ಬಂತಲ್ಲೇ! ಇದ್ಯಾವುದೇ ಇದು?"

ಓಬಳೇಶಿಯೇ ಹೇಳಿದ. "ಇವತ್ತು ಹದಿನೆಂಟನೇ ದಿನ ಅತ್ತೆ. ಕಾವು ಕೂತಿದ್ದು ನಿನ್ನ ಮನೆ ಸೇರ್ಬೇಕು ಅಂತ ಅವ್ವ ಮಾತು ಕೊಟ್ಟೈತೆ. ಸೇರ್ದೆ."

ತಿಪ್ಪಮ್ಮ ಮರಿಗಳನ್ನು ಸೆರಗಿಗೆ ಹಾಕಿಕೊಳ್ಳಲು ಹೋದಳು. ಐದೂ ಚಂಗನೆ ಹಾರಿ ಬುಟ್ಟಿಗೇ ಬಿದ್ದವು. ತಳಿ ಬೇಕೆಂದರೆ ಮಗ ಬರಬೇಕು, ಮಗನಿಗೋ ಮಾತು ದೊಡ್ಡದು.

ಬಸಕ್ಕ ನಗು ತಡೆದುಕೊಂಡು ಅಂದಳು, "ಸರಿ ಬಿಡು. ನನ್ನ ಕೋಳಿ ಅಂತಾನೇ ಆಯ್ತು. ಇದನ್ನ ನಿನಗೆ ಎರವಲು ಕೊಟ್ಟೀನಿ, ತಗೊಂಡು ಹೋಗು. ವಾಪಸ್ ಮಾತ್ರ ಬೇಡವೇ ತಾಯಿ!"

"ಕೇಳಿಸ್ತೇನೋ? ಏಳೋ, ಮನೆಗೆ ನಡಿ!"

ಓಬಳೇಶಿ ಏಳಲಿಲ್ಲ. ಎರಡೂ ಪಾದ ಜೋಡಿಸಿ ಅವ್ವನ ಮುಂದೆ ಚಾಚಿದ.

"ಹಂಗೇ ಕರ್ಕೊಂಡು ಹೋಗ್ತಾರೇನವ್ವ? ಕಾಲು ಕಟ್ಟು, ಬುಟ್ಟಿ ಹೊತ್ಕೋ."

ಇಷ್ಟು ಹೇಳಿ ಕರಿಬಸಮ್ಮ ಬುಟ್ಟಿ ತಲೆಗೇರಿಸಿಕೊಂಡಳು. "ನಾನು ಇಷ್ಟು ದಿನ ಈ ಕತೆಗೆ ಕಾವು ಕೊಟ್ಟೆ, ಇನ್ನು ನೀನು ಕೂರು" ಅಂದು ಹೋದಳು. ಇಪ್ಪತ್ತೈದು ವರ್ಷ ಕೂತೆ. ಈಗ ನಿಮ್ಮ ಮಡಿಲಿಗೆ ಹಾಕಿದ್ದೇನೆ. ಬಿಸಿ ಆರುವ ಮೊದಲು ಇನ್ನೊಬ್ಬರಿಗೆ ದಾಟಿಸಿ.