ಹಾಲಮ್ಮನ ಭಟ್ಟಿಗೆ ಸಿಕ್ಕ ಅಪ್ಪಣೆ

ಕೇಳ್ರಪ್ಪಾ, ಮಂಡಕ್ಕಿ ಭಟ್ಟಿ ಹಾಲಮ್ಮನಿಗೆ ಒಬ್ಬನೇ ಮಗ, ತಿಪ್ಪೇಶಿ. ಮೀಸೆ ಬಂದು ಹದಿನೈದು ವರ್ಷವಾಗಿತ್ತು, ಬುದ್ಧಿ ಇನ್ನೂ ಮನೆಯಿಂದ ಹೊರಟೇ ಇರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಅವನ ರೋಗ. "ಇವನ ಬದಲು ಒಂದು ಕಲ್ಲು ಹೆತ್ತಿದ್ರೆ ಬಟ್ಟೆ ಒಗೆಯೋಕಾದ್ರೂ ಆಗ್ತಿತ್ತು" ಅಂತ ಹಾಲಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಹಾಲಮ್ಮನಿಗೊಂದು ವ್ಯಾಜ್ಯ. ವ್ಯಾಪಾರಿ ಮಹಾರುದ್ರಪ್ಪನ ಭತ್ತವನ್ನೇ ಹುರೀತೀನಿ ಅಂತ ಕರಾರು ಬರೆದುಕೊಟ್ಟಿದ್ದಳು. ಅವನು ಮುಗ್ಗಲು ಭತ್ತ ಕಳಿಸಿದ. ಇವಳು ಬೇರೆಯವರ ಭತ್ತ ಹುರಿದಳು. ಕರಾರು ಮುರಿದಳು ಅಂತ ಅವನು ಕೋರ್ಟಿಗೆ ಹೋದ, ಗೆದ್ದೂಬಿಟ್ಟ. ಭಟ್ಟಿಗೆ ಬೀಗ ಜಡಿಯಿರಿ ಅಂತ ತೀರ್ಪಾಯಿತು. ಭಟ್ಟಿ ಹೋದರೆ ಹಾಲಮ್ಮನಿಗೆ ಬೇರೆ ಗತಿಯಿಲ್ಲ. ವಕೀಲ ಪಂಚಾಕ್ಷರಯ್ಯನವರ ಹತ್ತಿರ ಓಡಿದಳು.

"ಸೀದಾ ಮೇಲ್ಮನವಿ ಹಾಕೋ ಹಾಗಿಲ್ಲಮ್ಮಾ. ಹಾಕಲೋ ಬೇಡವೋ ಅಂತ ಮೊದಲು ಮೇಲಿನ ಕೋರ್ಟಿನ ಅಪ್ಪಣೆ ಕೇಳಬೇಕು. ಅಪ್ಪಣೆ ಸಿಕ್ಕಿದ ಮೇಲೆ ಮನವಿ" ಅಂದರು ವಕೀಲರು.

ಕೇಳೋದಕ್ಕೂ ಅಪ್ಪಣೆ ಕೇಳಬೇಕಂತೆ! ಇಂಥ ಕಾನೂನು ಮಾಡಿದವರು ತಿಪ್ಪೇಶಿಯ ನೆಂಟರೇ ಇರಬೇಕು.

ಹಾಲಮ್ಮ ತೀರ್ಪಿನ ಕಾಗದ ಮಗನಿಗೆ ಕೊಟ್ಟಳು. "ವಕೀಲರ ಕೈಗೇ ಕೊಡು ಕಣಲೇ. ಬೇರೆ ಯಾರ ಕೈಗೂ ಕೊಡಬೇಡ!"

ಹೋದ. ವಕೀಲರು ಸ್ನಾನಕ್ಕೆ ಹೋಗಿದ್ದರು. ಅವರ ಹೆಂಡತಿ "ನನ್ನ ಕೈಗೆ ಕೊಡಪ್ಪಾ" ಅಂದರು. "ಉಹೂಂ, ಆಗಲ್ಲ!" ಅಂದವನೇ ಬಚ್ಚಲ ಬಾಗಿಲು ದೂಡಿ, ಸೋಪಿನ ಕೈಗೆ ಕಾಗದ ತುರುಕಿ ಬಂದ. ತೀರ್ಪೆಲ್ಲ ನೊರೆಯಾಯಿತು. ಇನ್ನೊಂದು ನಕಲು ತರಿಸೋದರಲ್ಲಿ ಹಾಲಮ್ಮನ ಚಪ್ಪಲಿ ಸವೆಯಿತು.

"ನೀನೇ ಹೇಳಿದ್ದಲ್ಲವ್ವಾ!"

"ಲೇ ಮಂಕೇ! ದೊಡ್ಡವರು ಬಟ್ಟೆ ಉಟ್ಟು, ಕುರ್ಚಿ ಮೇಲೆ ಕೂತ ಮೇಲೆ ಹೋಗಬೇಕು. ಏನು ಮಾಡೋಕೂ ಮೊದಲು ಅವರ ಅಪ್ಪಣೆ ಕೇಳಬೇಕು!"

"ಹೂಂನವ್ವಾ, ಹಂಗೇ ಮಾಡ್ತೀನಿ."

ಮಾರನೇ ದಿನ ಭಟ್ಟಿ ಕಾಯೋಕೆ ಇವನನ್ನು ಕೂರಿಸಿ ಹಾಲಮ್ಮ ಭತ್ತ ನೋಡೋಕೆ ಹೋದಳು. ಒಲೆಯ ಕಿಡಿ ಹಾರಿ ಗೋಣಿಚೀಲಕ್ಕೆ ಬಿತ್ತು. ಹೊಗೆ ಬಂತು, ಉರಿ ಬಂತು. ತಿಪ್ಪೇಶಿ ಬಿಂದಿಗೆ ಹಿಡಿದು ಪಕ್ಕದ ಮನೆಗೆ ನಡೆದ. ಅಲ್ಲಿ ಮುದುಕ ಓಂಕಾರಜ್ಜ ಮಲಗಿದ್ದ. ಅವನು ಏಳೋವರೆಗೆ ಕಾದ. ಪಂಚೆ ಸರಿ ಮಾಡಿಕೊಳ್ಳೋವರೆಗೆ ಕಾದ. ಕುರ್ಚಿ ಮೇಲೆ ಕೂರೋವರೆಗೆ ಕಾದ. ಆಮೇಲೆ ಕೈಮುಗಿದು "ಅಜ್ಜಾ, ನಮ್ಮ ಭಟ್ಟಿಗೆ ಬೆಂಕಿ ಬಿದ್ದೈತೆ, ನೀರು ಹಾಕ್ಲಾ?" ಅಂದ.

ಅಷ್ಟರಲ್ಲಿ ಆರು ಚೀಲ ಮಂಡಕ್ಕಿ ಬೂದಿಯಾಗಿತ್ತು.

"ನೀನೇ ಹೇಳಿದ್ದಲ್ಲವ್ವಾ!"

"ನಿನ್ನ ತಲೆಗಿಷ್ಟು ಮಣ್ಣು ಹಾಕ! ಬೆಂಕಿಗೆ ಯಾರಾದ್ರೂ ಅಪ್ಪಣೆ ಕೇಳ್ತಾರೇನಲೇ? ಹೊಗೆ ಕಂಡ್ರೆ ಸಾಕು, ಹಿಂದೆ ಮುಂದೆ ನೋಡದೆ ನೀರು ಸುರೀಬೇಕು!"

"ಹೂಂನವ್ವಾ, ಹಂಗೇ ಮಾಡ್ತೀನಿ."

ಅಪ್ಪಣೆಯ ಅರ್ಜಿ ಕೊಡುವ ದಿನ ಬಂತು. ವಕೀಲರ ಹಿಂದೆ ತಿಪ್ಪೇಶಿಯೂ ಹೋದ. ಕೋರ್ಟಿನ ಕಚೇರಿಯಲ್ಲಿ ಗುಮಾಸ್ತರು ದೇವರ ಪಟಕ್ಕೆ ಊದುಬತ್ತಿ ಹಚ್ಚಿದ್ದರು. ತಿಪ್ಪೇಶಿ ಹೊಗೆ ಕಂಡ. ಹಿಂದೆ ನೋಡಲಿಲ್ಲ, ಮುಂದೆಯೂ ನೋಡಲಿಲ್ಲ. ಕುಡಿಯೋ ನೀರಿನ ಕೊಡ ಎತ್ತಿದವನೇ ಸುರಿದ! ದೇವರು ನೆಂದ, ಗುಮಾಸ್ತರು ನೆಂದರು, ಊರವರ ಕಡತಗಳೆಲ್ಲ ನೆಂದವು. ಇವನ ಅರ್ಜಿ ಮಾತ್ರ ವಕೀಲರ ಕಂಕುಳಲ್ಲಿ ಉಳಿಯಿತು.

"ನೀನೇ ಹೇಳಿದ್ದಲ್ಲವ್ವಾ!"

"ಅಯ್ಯೋ ನನ್ನ ಕರ್ಮವೇ! ಕೋರ್ಟಲ್ಲಿ ಯಾವುದಕ್ಕೂ ಕೈ ಹಾಕಬಾರದು ಕಣೋ! ಯಾರ ಜೊತೆಗೂ ಮಾತಾಡಬಾರದು! ಕೇಳಿದ್ದು ಸಿಕ್ತಾ, ಎದೆಗೊತ್ತಿಕೊಂಡು ಸೀದಾ ಮನೆಗೆ ಬರಬೇಕು!"

"ಹೂಂನವ್ವಾ, ಹಂಗೇ ಮಾಡ್ತೀನಿ."

ಹಾಲಮ್ಮನ ಪುಣ್ಯ, ಅಪ್ಪಣೆ ಸಿಕ್ಕಿತು. ಹತ್ತು ದಿನದೊಳಗೆ ಮೇಲ್ಮನವಿ ಹಾಕಿ, ಅಲ್ಲಿಯವರೆಗೆ ಬೀಗ ಬೇಡ ಅಂತ ಆದೇಶ. "ಆದೇಶದ ನಕಲು ಇಸ್ಕೊಂಡು ನನ್ನ ಆಫೀಸಿಗೆ ತಾ, ಮನವಿ ಬರೆದಿಟ್ಟಿದೀನಿ, ಜೋಡಿಸಿ ಹಾಕ್ತೀನಿ" ಅಂದರು ವಕೀಲರು. ತಿಪ್ಪೇಶಿ ಅವರ ಜೊತೆ ಮಾತಾಡಲಿಲ್ಲ. ನಕಲು ಇಸ್ಕೊಂಡ, ಎದೆಗೊತ್ತಿಕೊಂಡ, ವಕೀಲರ ಆಫೀಸಿನ ಮುಂದೆಯೇ ಹಾದು ಸೀದಾ ಮನೆಗೆ ಬಂದ.

"ಸಿಕ್ತೇನಲೇ?"

"ಸಿಕ್ತವ್ವಾ!"

ಹಾಲಮ್ಮನಿಗೆ ಓದು ಬಾರದು. ಮುಂದಿನದು ವಕೀಲರು ನೋಡಿಕೊಂಡಿರುತ್ತಾರೆ ಅಂದುಕೊಂಡಳು. ಕಾಗದಕ್ಕೆ ಗಾಜು ಹಾಕಿಸಿ, ಗೋಡೆಗೆ ತೂಗುಹಾಕಿ, ಹೂವು ಮುಡಿಸಿದಳು. ವಕೀಲರೋ, ಕಾಗದ ಬರಲಿಲ್ಲ ಅಂದಮೇಲೆ ಇವರಿಗೇ ಬೇಡವಾಯಿತೇನೋ ಅಂತ ಸುಮ್ಮನಾದರು. ನಾಲ್ಕು ಹೆಜ್ಜೆ ನಡೆದು ಬಂದು ಕೇಳೋಕೆ ಆ ಮಹರಾಯರಿಗೆ ಕಾಲಿರಲಿಲ್ಲವೇ?

ಹನ್ನೊಂದನೇ ದಿನ ಮಹಾರುದ್ರಪ್ಪ ಕೋರ್ಟಿನ ಅಮೀನನನ್ನು ಕರೆದುಕೊಂಡು ಬಂದ. ಅಮೀನನ ಕೈಯಲ್ಲಿ ಬೀಗ.

"ನಮಗೆ ಅಪ್ಪಣೆ ಸಿಕ್ಕೈತೆ!" ಅಂತ ಹಾಲಮ್ಮ ಪಟ ತೋರಿಸಿದಳು. ಅಮೀನ ಹೂವು ಸರಿಸಿ ಓದಿದ. "ಮೇಲ್ಮನವಿ ಹಾಕೋಕೆ ಅಪ್ಪಣೆ ಸಿಕ್ಕಿದೆಯಮ್ಮಾ. ಹಾಕಿದೀರಾ?"

ಹಾಲಮ್ಮ ಮಗನ ಮುಖ ನೋಡಿದಳು.

"ಸಿಕ್ಕಿದ್ದು ಎದೆಗೊತ್ತಿಕೊಂಡು ಸೀದಾ ಮನೆಗೆ ಬಾ ಅಂದೆ, ಬಂದೆ!" ಅಂದ ತಿಪ್ಪೇಶಿ.

ಹಾಲಮ್ಮ ಓಡಿಹೋಗಿ ಭಟ್ಟಿಯೊಳಗೆ ಒಲೆಯ ಮುಂದೆ ಕೂತಳು. "ನಾನು ಏಳಲ್ಲ! ನನ್ನ ಒಳಗಿಟ್ಟೇ ಬೀಗ ಜಡೀರಿ!"

ಅಮೀನ ತಲೆ ಕೆರೆದುಕೊಂಡ. "ಜನ ಒಳಗಿದ್ದಾಗ ಬೀಗ ಹಾಕೋ ಹಾಗಿಲ್ಲ ಸ್ವಾಮಿ. ನಾನು ಹೆಂಗಸರನ್ನ ಮುಟ್ಟೋ ಹಾಗೂ ಇಲ್ಲ. ವಾಪಸ್ ಹೋಗ್ತೀನಿ." ವಕೀಲರ ಹತ್ತಿರ ಓಡೋಕೆ ಒಂದು ದಿನ ಸಿಕ್ಕಿತು ಅಂತ ಹಾಲಮ್ಮ ಉಸಿರು ಬಿಟ್ಟಳು. ಆ ಉಸಿರಲ್ಲೇ ಮಗನನ್ನೂ ಬೈದಳು.

"ಲೇ ದಂಡಪಿಂಡ! ಅಪ್ಪಣೆ ಸಿಕ್ಕಮೇಲೆ ಸುಮ್ನೆ ಕೂರಬಾರದು! ಯಾವುದಕ್ಕೆ ಅಪ್ಪಣೆ ಸಿಗುತ್ತೋ ಆ ಕೆಲಸ ಆ ಕ್ಷಣಾನೇ ಮಾಡಿ ಮುಗಿಸಬೇಕು!"

"ಹೂಂನವ್ವಾ, ಹಂಗೇ ಮಾಡ್ತೀನಿ."

ಮಹಾರುದ್ರಪ್ಪ ಕಿವಿ ಮುಚ್ಚಿಕೊಂಡಿರಲಿಲ್ಲ. ಮೆಲ್ಲಗೆ ಹತ್ತಿರ ಬಂದು ತಿಪ್ಪೇಶಿಯ ಹೆಗಲ ಮೇಲೆ ಕೈ ಹಾಕಿದ. "ತಿಪ್ಪೇಶಪ್ಪಾ, ನಿಮ್ಮವ್ವನ್ನ ಎತ್ತಿ ಹೊರಗೆ ತರೋಕೆ ನಿನಗೆ ಅಪ್ಪಣೆ ಕೊಟ್ಟಿದೀನಿ ನೋಡು."

ಹೇಳಿ ಬಾಯಿ ಮುಚ್ಚಿರಲಿಲ್ಲ, ತಿಪ್ಪೇಶಿ ಒಳಗೆ ನುಗ್ಗಿದ. ಅವ್ವನನ್ನು ಮಂಡಕ್ಕಿ ಚೀಲದ ಹಾಗೆ ಹೆಗಲಿಗೇರಿಸಿದ. ಅವಳು ಗುದ್ದಿದಳು, ಕಚ್ಚಿದಳು, ಕೂಗಿದಳು. ತಂದು ಬೀದಿಯಲ್ಲಿ ಕೂರಿಸಿದ. ಅಮೀನ ಬೀಗ ಜಡಿದ.

"ನೋಡವ್ವಾ," ಅಂದ ತಿಪ್ಪೇಶಿ ಬೆವರು ಒರೆಸಿಕೊಳ್ಳುತ್ತಾ, "ಈ ಸಲ ಒಂಚೂರೂ ತಡ ಮಾಡಲಿಲ್ಲ!"