ಕೈಯಿಟ್ಟ ಗುಡ್ಡ

ಜಂಬಿಗನೂರಿನಿಂದ ಪಡುವಣಕ್ಕೆ ಎರಡು ಹರಿದಾರಿ ಹೋದರೆ ಬಯಲಿನ ನಡುವೆ ಒಂಟಿಯಾಗಿ ಎದ್ದ ಬೋಳು ಗುಡ್ಡವೊಂದು ಸಿಗುತ್ತದೆ. ಈಗ ಅದರ ಪಕ್ಕದಲ್ಲೇ ಡಾಂಬರು ರಸ್ತೆ ಹಾದುಹೋಗಿದೆ. ಬಸ್ಸಿನ ಕಂಡಕ್ಟರು 'ಕೈಯಿಟ್ಟ ಗುಡ್ಡ ಯಾರ್ರೀ, ಇಳೀರಿ' ಎಂದು ಕೂಗುತ್ತಾನೆ. ಹೊಸಬರು ಇಳಿದು, ಬಂಡೆಯ ಮೇಲೆಲ್ಲೋ ದೇವರದೋ ರಾಕ್ಷಸನದೋ ಅಂಗೈ ಗುರುತು ಮೂಡಿರಬೇಕೆಂದು ಹುಡುಕುತ್ತಾರೆ. ಅಂಥದ್ದೇನೂ ಅಲ್ಲಿಲ್ಲ. ಕುರುಚಲು ಗಿಡ, ಬಿಸಿಲಿಗೆ ಬಿರಿದ ಬಂಡೆ, ತುದಿಯಲ್ಲಿ ಒಬ್ಬರು ಕೂರುವಷ್ಟು ಜಾಗ, ಅಷ್ಟೆ. ಆ ಕೈ ದೇವರದಲ್ಲ, ಕಾವಲಿನ ಸವಾರನೊಬ್ಬನದು ಎನ್ನುತ್ತಾರೆ ಊರಿನ ಹಿರಿಯರು. ಆದರೆ ಕತೆ ಹೇಳುವಾಗ ಅವರು ಮೊದಲು ಎತ್ತುವುದು ಸವಾರನ ಹೆಸರನ್ನಲ್ಲ, ಅವನ ಹೆಂಡತಿ ಮಾರಕ್ಕನ ಹೆಸರನ್ನು.

ಹಿಂದೆ ಒಮ್ಮೆ, ಈ ಸೀಮೆಯನ್ನು ನಾಯಕರು ಆಳುತ್ತಿದ್ದ ಕಾಲದಲ್ಲಿ, ಜಂಬಿಗನೂರಿನ ಸವಾರರು ಮೂರು ದಿನದ ಗಸ್ತು ತಿರುಗುತ್ತಿದ್ದರಂತೆ. ದಾರಿಯಲ್ಲಿ ಏಳು ಗುಡ್ಡ. ಒಂದೊಂದರ ಬುಡದಲ್ಲೂ ಕುದುರೆಯನ್ನು ಬಿಟ್ಟು, ಮೇಲೆ ಹತ್ತಿ, ಶತ್ರುಗಳ ದೂಳು ಎದ್ದಿದೆಯೇ ಎಂದು ನೋಡಿ ಇಳಿಯಬೇಕು. ಕಟ್ಟಿಹಾಕಲು ಆ ಬಯಲಲ್ಲಿ ಮರವಿಲ್ಲ. ಒಬ್ಬ ಸವಾರ ಇಳಿದು ಬರುವಷ್ಟರಲ್ಲಿ ಅವನ ಕುದುರೆ ಮೇಯುತ್ತಾ ದೂರ ಹೋಗಿಬಿಟ್ಟಿತ್ತು. ನಡೆದು ಬರುತ್ತಿದ್ದವನನ್ನು ಶತ್ರುಗಳು ಹಿಡಿದು ಕೊಂದರು. ಅವನ ಜಾಗಕ್ಕೆ ನಾಯಕರು ಮಾರಕ್ಕನ ಗಂಡ ಬೋಸಯ್ಯನನ್ನು ನೇಮಿಸಿದರು. ಅವನಿಗೆ ಸಿಕ್ಕಿದ್ದು ಬೆಳವಿ ಎಂಬ ಬೂದು ಬಣ್ಣದ ಹೆಣ್ಣು ಕುದುರೆ. ಓಟದಲ್ಲಿ ಅದಕ್ಕೆ ಸಾಟಿಯಿರಲಿಲ್ಲ. ಆದರೆ ಒಂದೆಡೆ ನಿಂತ ಚರಿತ್ರೆಯೇ ಅದಕ್ಕಿರಲಿಲ್ಲ.

ಮಾರಕ್ಕನ ತಂದೆ ಕಾಟಯ್ಯ ನಾಯಕರ ಲಾಯ ನೋಡಿಕೊಳ್ಳುತ್ತಿದ್ದವನು. ಕುದುರೆಗೆ ಬುದ್ಧಿ ಕಲಿಸುವ ಕೆಲಸ ಅವರ ಮನೆಯಲ್ಲಿ ಹೆಂಗಸರಿಗೂ ಗೊತ್ತಿತ್ತು. ಗಂಡ ಹೆಣವಾಗಿ ಬರಬಾರದೆಂದರೆ ಬೆಳವಿ ನಿಲ್ಲುವುದನ್ನು ಕಲಿಯಲೇಬೇಕೆಂದು ಆಕೆ ಹಟ ಹಿಡಿದಳು. ದಿನಾ ಬೆಳಗ್ಗೆ ಗಂಡನ ಸವಾರಿಯ ಜೊತೆ ತಾನೂ ನಡೆದುಹೋಗಿ, ನಡುದಾರಿಯಲ್ಲಿ ಕುದುರೆಯನ್ನು ನಿಲ್ಲಿಸುತ್ತಿದ್ದಳು. ಮೊದಲ ದಿನ ಮೂರು ಉಸಿರಿನಷ್ಟು ಹೊತ್ತು, ಆಮೇಲೆ ಹತ್ತು. ಬೆಳವಿ ಹೆಜ್ಜೆ ಕಿತ್ತರೆ ಬಯ್ಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಹಿಂದಕ್ಕೆ ನಡೆಸಿ, ಅದೇ ಗೊರಸಿನ ಗುರುತಿನ ಮೇಲೆ ಮತ್ತೆ ನಿಲ್ಲಿಸುತ್ತಿದ್ದಳು. ಬೋಸಯ್ಯನಿಗೆ ತಾಳ್ಮೆ ಸಾಲದು. ಲಗಾಮು ಜಗ್ಗಿ ಜಗ್ಗಿ ಹಿಡಿಯುತ್ತಿದ್ದ.

'ಸಡಿಲ ಬಿಡು ಮಾವ,' ಎನ್ನುತ್ತಿದ್ದಳು ಮಾರಕ್ಕ. ಆಕೆಗೆ ಅವನು ತಾಯಿಯ ತಮ್ಮ. 'ನಿನ್ನ ಮನಸ್ಸು ಆಗಲೇ ಮುಂದಿನ ಹಳ್ಳ ದಾಟೈತೆ. ಕುದುರೆಗೆ ಅದು ಗೊತ್ತಾಗ್ತದೆ.'

'ಕುದುರೆಗೆ ಕಲಿಸ್ತೀಯೋ ನನಗೆ ಕಲಿಸ್ತೀಯೋ ಅಮ್ಮಿ?'

'ಅದು ಆಗಲೇ ಕಲ್ತೈತೆ. ಕುಣೀತಾ ಇರೋನು ನೀನೇ.'

ಆ ಮಾತಿಗೆ ಬೋಸಯ್ಯ ನಕ್ಕು ಕೈ ಸಡಿಲ ಬಿಟ್ಟನಂತೆ. ಬೆಳವಿಯೂ ಕತ್ತು ಇಳಿಸಿ, ದೊಡ್ಡದಾಗಿ ಉಸಿರು ಬಿಟ್ಟು ನಿಂತಿತಂತೆ.

ಅಲ್ಲಿಂದ ಮುಂದಿನ ಪಾಠ ಗಟ್ಟಿಯಾದದ್ದು. ಲಗಾಮನ್ನು ನೆಲಕ್ಕೆ ಬಿಟ್ಟು ಬೋಸಯ್ಯ 'ನಿಲ್ಲವ್ವ' ಎಂದು ಹೇಳಿ ಹೊರಟುಹೋಗಬೇಕು. ಬಿಟ್ಟವನೇ ಮರಳಿ ಬಂದು ಹೆಗಲ ಮೇಲೆ ಅಂಗೈಯಿಟ್ಟು ಒತ್ತುವ ತನಕ ಬೆಳವಿ ಕದಲಬಾರದು. ಬೇರೆ ಯಾರ ಕೈಯೂ ಲೆಕ್ಕಕ್ಕಿಲ್ಲ, ಯಾರ ಕೂಗೂ ಲೆಕ್ಕಕ್ಕಿಲ್ಲ. ಕಳ್ಳನಿಗೂ ಶತ್ರುವಿಗೂ ಅದು ದಕ್ಕಬಾರದಲ್ಲ! ಮಾರಕ್ಕ ಎದುರಿಗೆ ಹುರುಳಿ ತೋರಿಸಿದಳು, ತಮಟೆ ಬಡಿಸಿದಳು, ದೂರದಿಂದ ಗಂಡನ ಕೈಲೇ 'ಬಾ ಬಾ' ಎಂದು ಕರೆಸಿದಳು. ಕೊನೆಗೆ ಸಣ್ಣ ಕಲ್ಲುಗಳನ್ನು ಕಾಲ ಸುತ್ತ ಎಸೆದಳು, ಮೈಗೂ ತಾಗಿಸಿದಳು. ಬೆಳವಿಯ ಚರ್ಮ ಅದುರುತ್ತಿತ್ತು, ಗೊರಸು ಅಲುಗುತ್ತಿರಲಿಲ್ಲ. ನೋಡುತ್ತಾ ಕೂತಿದ್ದ ಕಾಟಯ್ಯನ ಮುಖ ಮಾತ್ರ ಅರಳಲಿಲ್ಲ.

'ಹೊಡೆದ್ರೆ ಮನೆಗೆ ಓಡೋ ಬುದ್ಧೀನ ಪೂರಾ ಅಳಿಸಬ್ಯಾಡ ಮಗ. ಬರಿಬೆನ್ನಿನ ಕುದುರೆ ಊರಿಗೆ ಬಂದ್ರೆ ತಾನೆ ಸವಾರನಿಗೆ ಏನೋ ಆಗೈತೆ ಅಂತ ನಾವು ಓಡೋದು?'

'ಒಂದು ಸಲ ಓಡೋದು ಕಲಿತ್ರೆ ದಿನಾ ಓಡ್ತದೆ ಅಪ್ಪ,' ಎಂದಳು ಮಾರಕ್ಕ. ನಡೆದು ಬರುವಾಗ ಸತ್ತವನ ನೆನಪೇ ಆಕೆಯ ಕಣ್ಣ ಮುಂದಿತ್ತು.

ಮಾಘ ಕಳೆದ ಮೇಲಿನ ಒಂದು ಗಸ್ತಿನಲ್ಲಿ ಅದು ನಡೆದುಹೋಯಿತು. ಬೆಳಗ್ಗೆ ಊರು ಬಿಟ್ಟ ಬೋಸಯ್ಯ ದಾರಿಯ ಮೊದಲ ಗುಡ್ಡವಾದ ಈ ಬೋಳು ಗುಡ್ಡದ ಬುಡದಲ್ಲಿ ಲಗಾಮು ಬಿಟ್ಟು ಮೇಲೆ ಹತ್ತಿದ. ಶತ್ರುಗಳ ಸುಳಿವೇ ಇರಲಿಲ್ಲ. ಇಳಿಯುವಾಗ ಕಾಲಡಿಯ ಚಕ್ಕೆ ಕಿತ್ತುಬಂದು, ತುದಿಯ ಕೆಳಗಿನ ಕೊರಕಲಿಗೆ ಬಿದ್ದ. ತೊಡೆ ಮುರಿಯಿತು. ಮಾರನೆಯ ದಿನ ಕುರಿ ಕಾಯುವ ಈರಗಾರ ಊರ ಬಾವಿಯ ಹತ್ತಿರ ಮಾರಕ್ಕನನ್ನು ಕಂಡು, 'ನಿನ್ನೆ ಇಳಿಹೊತ್ತಲ್ಲಿ ದೂರದಿಂದ ನಿನ್ನ ಕುದುರೆ ನೋಡಿದೆ ಕಣಕ್ಕ. ಮೊದಲ್ನೇ ಗುಡ್ಡದ ಬುಡದಾಗೆ ಕಡೆದಿಟ್ಟಂಗೆ ನಿಂತೈತೆ. ಕಲಿಸಿದ್ರೆ ಹಂಗೆ ಕಲಿಸಬೇಕು ನೋಡು' ಎಂದ. ಇಳಿಹೊತ್ತಿನಲ್ಲೂ ಮೊದಲ ಗುಡ್ಡದಲ್ಲೇ ಏಕೆ ಎಂದು ಆಕೆಯ ಮನಸ್ಸು ಒಂದು ಗಳಿಗೆ ತಡವರಿಸಿತು. ಸುತ್ತ ನೀರು ಸೇದುತ್ತಿದ್ದವರೆಲ್ಲ ತಿರುಗಿ ನೋಡುತ್ತಿದ್ದರು. ಹೊಗಳಿಕೆಗೆ ನಾಚಿ, ಕೊಡ ಎತ್ತಿಕೊಂಡು ಮನೆಗೆ ನಡೆದಳು. ಆ ಒಂದು ಗಳಿಗೆಯನ್ನು ಆಕೆ ಮುಂದೆ ಬದುಕಿಡೀ ನೆನೆದಳಂತೆ.

ಮೂರನೆಯ ದಿನ ಮಧ್ಯಾಹ್ನವಾದರೂ ಗಂಡ ಬಾರದಿದ್ದಾಗ ತಂದೆಯನ್ನೂ ನಾಲ್ವರನ್ನೂ ಕರೆದುಕೊಂಡು ಓಡಿದಳು. ಬೆಳವಿ ನಿಂತೇ ಇತ್ತು. ಪಕ್ಕೆಲುಬು ಎದ್ದಿದ್ದವು, ತುಟಿ ಒಣಗಿ ಬಿರಿದಿತ್ತು. ಮಾರಕ್ಕನ ಕಣ್ಣು ಹೋದದ್ದು ಅದರ ಕಾಲಿನ ಕಡೆಗೆ. ನಾಲ್ಕು ಗೊರಸುಗಳ ಸುತ್ತಲೂ ಮುಷ್ಟಿಗಾತ್ರದ ಕಲ್ಲುಗಳು ಚೆಲ್ಲಿದ್ದವು. ಬೆನ್ನ ಮೇಲೆ, ತೊಡೆಯ ಮೇಲೆ ರಕ್ತ ಹೆಪ್ಪುಗಟ್ಟಿತ್ತು. ಎಸೆದದ್ದು ಯಾರೆಂದು ಯಾರೂ ಆಕೆಗೆ ಹೇಳಬೇಕಾಗಲಿಲ್ಲ. ಮೇಲಿನ ಕೊರಕಲಿನಿಂದ ಬೋಸಯ್ಯನೇ ಹೋಗು, ಮನೆಗೆ ಹೋಗು ಎಂದು ಕೂಗಿ ಕೂಗಿ, ಕೈಗೆ ಸಿಕ್ಕ ಕಲ್ಲನ್ನೆಲ್ಲ ಬೀಸಿದ್ದ. ಕಲಿತ ಪಾಠ ಮರೆಯದೆ ಬೆಳವಿ ಅಷ್ಟನ್ನೂ ತಿಂದು ನಿಂತಿತ್ತು. ಕೊರಕಲಿನಿಂದ ಬೋಸಯ್ಯನನ್ನು ಎತ್ತಿ ತಂದವರು, ಮೈ ಇನ್ನೂ ಪೂರ್ತಿ ತಣ್ಣಗಾಗಿಲ್ಲವೆಂದು ಕಾಟಯ್ಯನ ಕಿವಿಯಲ್ಲಿ ಹೇಳಿದರು. ಮಾರಕ್ಕನಿಗೂ ಅದು ಕೇಳಿಸಿತು.

ಕುದುರೆಯನ್ನು ನೀರಿಗೆ ಕರೆದೊಯ್ಯಲು ಎಲ್ಲರೂ ಎಳೆದರು, ನೂಕಿದರು. ಬೆಳವಿ ಮಾರಕ್ಕನ ಭುಜವನ್ನು ಮೂಸಿತು, ಆದರೆ ಕದಲಲಿಲ್ಲ. ಇನ್ನೊಂದು ದಿನ ಹೀಗೇ ಬಿಟ್ಟರೆ ಅದೂ ಉಳಿಯದು. ಆಗ ಆಕೆ, 'ಅವನನ್ನ ಇಲ್ಲಿಗೆ ತನ್ನಿ' ಎಂದಳು. ಇಬ್ಬರು ಹೆಣವನ್ನು ನಿಲ್ಲಿಸಿ ಹಿಡಿದರು. ಮಾರಕ್ಕ ಗಂಡನ ಕೈಯನ್ನೆತ್ತಿ ಕುದುರೆಯ ಹೆಗಲ ಮೇಲಿಟ್ಟಳು. ಬೆಳವಿ ಅಲುಗಲಿಲ್ಲ. ಆ ಕೈಯಲ್ಲಿ ಒತ್ತುವ ಬಲವಿರಲಿಲ್ಲ. ಅದರ ಮೇಲೆ ತನ್ನ ಕೈಯಿಟ್ಟು, ತಾನೇ ಒತ್ತಿದಳು. ಬೆಳವಿ ತಿರುಗಿ ಆ ಕೈಯನ್ನು ಮೂಸಿ, ನಡುಗುತ್ತಾ ಒಂದು ಹೆಜ್ಜೆ ಇಟ್ಟಿತು. ಗುಡ್ಡಕ್ಕೆ ಈ ಹೆಸರು ಬಂದದ್ದು ಅಂದಿನಿಂದ ಎನ್ನುತ್ತಾರೆ.

ಮಾರಕ್ಕ ಆಮೇಲೂ ಲಾಯದ ಕುದುರೆಗಳಿಗೆ ನಿಲ್ಲುವುದನ್ನು ಕಲಿಸಿದಳು, ಮೂರನೆಯ ಕಲ್ಲು ಬಿದ್ದರೆ ಮನೆಗೆ ಓಡುವುದನ್ನೂ ಕಲಿಸಿದಳು. ಎಲ್ಲವೂ ಕಲಿತವು, ಬೆಳವಿಯೊಂದನ್ನು ಬಿಟ್ಟು. ಅದರ ಮುಂದೆ ಆಕೆ ವರ್ಷಗಟ್ಟಲೆ ಕಲ್ಲು ಎಸೆದಳು. ಅದು ಆಕೆಯನ್ನೇ ನೋಡುತ್ತಾ ನಿಂತಿರುತ್ತಿತ್ತು.

ಗುಡ್ಡದ ಬಡಗಣ ಬುಡದಲ್ಲಿ, ರಸ್ತೆಗೆ ಕಾಣದ ಕಡೆ, ಮೊಳಕಾಲೆತ್ತರದ ಕಲ್ಲಿನ ಕುದುರೆಯೊಂದಿದೆ. ಬೆಳವಿ ಸತ್ತ ವರ್ಷ ಮಾರಕ್ಕ ಮಾಡಿಸಿದ್ದಂತೆ. ದಾರಿ ಗೊತ್ತಿದ್ದವರು ಅಲ್ಲಿಗೆ ಹೋಗಿ, ಬಗ್ಗಿ, ಅದರ ಹೆಗಲನ್ನು ಒಮ್ಮೆ ಒತ್ತಿ ಬರುತ್ತಾರೆ. ಮೈಯೆಲ್ಲ ಒರಟಾಗಿ ಹಾವಸೆ ಹಿಡಿದಿದ್ದರೂ ಹೆಗಲು ಮಾತ್ರ ಕನ್ನಡಿಯಂತೆ ನುಣುಪಾಗಿದೆ. ಕಲ್ಕುಟಿಗ ಅದಕ್ಕೆ ಲಗಾಮು ಕೆತ್ತಿಲ್ಲ. ಅದರ ಒಂದು ಮುಂಗಾಲು ನೆಲದಿಂದ ಎದ್ದಿದೆ, ಮುಖ ಊರಿನ ಕಡೆಗಿದೆ.