ಸಿಲಿಂಡರ್ ಬಂದ ತಾರೀಕುಗಳು

ಅಂಬುಜಮ್ಮ ಆತ್ಮಕಥೆ ಬರೆಯಲೆಂದು ಕೊಂಡ ಪೆನ್ನು ವಾರವಾದರೂ ಒಂದಕ್ಷರ ಬರೆದಿರಲಿಲ್ಲ. “ಈಕೆಯ ಬಾಳಿನಲ್ಲಿ ಬರೆಯುವಂಥದ್ದೇನೂ ನಡೆದೇ ಇಲ್ಲ,” ಎಂದು ಅದು ಗೊಣಗಿತು.

ಅಡುಗೆಮನೆಯ ಮೊಳೆಯಲ್ಲಿ ಒಂದರ ಮೇಲೊಂದು ತೂಗುಹಾಕಿದ್ದ ಕ್ಯಾಲೆಂಡರುಗಳಲ್ಲಿ ತೀರಾ ಹಳೆಯದು ಕೇಳಿತು: “ನನ್ನನ್ನು ಓದಿದೆಯಾ?”

“ನಿನ್ನಲ್ಲೇನಿದೆ? ಗ್ಯಾಸ್ ಸಿಲಿಂಡರ್ ಬಂದ ತಾರೀಕಿಗೆ ಒಂದು ಗುರುತು, ಅಷ್ಟೇ.”

“ಈ ಸಿಲಿಂಡರ್ ಇಪ್ಪತ್ತೇ ದಿನಕ್ಕೆ ಮುಗಿದಿದೆ, ನೋಡು. ಮಗಳ ಬಾಣಂತನ. ಹಗಲೆಲ್ಲ ಬಿಸಿನೀರು ಕಾಯುತ್ತಿತ್ತು.”

ಪೆನ್ನು ಬೆರಗಾಗಿ ಮುಂದಿನ ಕ್ಯಾಲೆಂಡರ್ ನೋಡಿತು. “ಇದರಲ್ಲಿ ಒಂದೇ ಸಿಲಿಂಡರ್ ಐದು ತಿಂಗಳು ಬಂದಿದೆಯಲ್ಲ?”

“ಯಜಮಾನರು ತೀರಿಕೊಂಡ ವರ್ಷ. ಒಬ್ಬಳಿಗೇ ಏನು ಅಡುಗೆ ಅಂತ ಆಕೆ ಒಲೆಯನ್ನೇ ಹಚ್ಚುತ್ತಿರಲಿಲ್ಲ.”

ಪೆನ್ನು ಮುಚ್ಚಳ ತೆಗೆದು ತಲೆಬಾಗಿತು. “ಅಜ್ಜಾ, ಮೊದಲ ಗುರುತಿನಿಂದ ಹೇಳಿ. ಬರೆದುಕೊಳ್ಳುತ್ತೇನೆ.”